ಬಿಟ್ಟ ಬಾಕ್ಸಿಂಗ್‌ಗೆ ಮರಳುವ ಮುನ್ನ

ಕಾಲೇಜಿನ ದಿನಗಳಲ್ಲಿ ಗ್ಲೌಸ್ ತೊಟ್ಟು ಅಂತರ ಕಾಲೇಜು ಪಂದ್ಯಗಳಲ್ಲಿ ಸೆಣಸಿದವರು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ, ರೈಲ್ವೆಯಲ್ಲಿ ಇದ್ದು ಬಾಕ್ಸಿಂಗ್ ಕಲಿತವರೂ ಉಂಟು. ನೌಕರಿ, ಮದುವೆ, ಮಕ್ಕಳು, ವರ್ಗಾವಣೆ ಎಂದು ಜವಾಬ್ದಾರಿಗಳು ಒಂದೊಂದಾಗಿ ಬಂದಂತೆ ಅಭ್ಯಾಸ ತಪ್ಪುತ್ತದೆ. ಹತ್ತು ಹದಿನೈದು ವರ್ಷಗಳ ನಂತರ ಪ್ಯಾಂಟಿನ ಸೊಂಟ ಬಿಗಿಯಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಅಂಚಿನಲ್ಲಿದೆ ಎಂದು ತಿಳಿಯುತ್ತದೆ. ಅಥವಾ ಮಗನನ್ನೋ ಮಗಳನ್ನೋ ತರಬೇತಿಗೆ ಸೇರಿಸಲು ಹೋದಾಗ ನೇತುಹಾಕಿದ ಪಂಚಿಂಗ್ ಬ್ಯಾಗ್ ಕಣ್ಣಿಗೆ ಬಿದ್ದು ಹಳೆಯ ಹುಮ್ಮಸ್ಸು ಕೆರಳುತ್ತದೆ. ಆಗ ಏಳುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಈ ವಯಸ್ಸಿನಲ್ಲಿ ಮತ್ತೆ ಶುರು ಮಾಡಬಹುದೇ?”

ಬಹುಮಟ್ಟಿಗೆ ಎಲ್ಲರಿಗೂ ಉತ್ತರ ‘ಮಾಡಬಹುದು’ ಎಂದೇ. ಹೃದಯ, ಶ್ವಾಸಕೋಶ, ಸ್ನಾಯು, ಕೀಲು ಎಲ್ಲಕ್ಕೂ ಏಕಕಾಲದಲ್ಲಿ ಕೆಲಸ ಕೊಡುವ ವ್ಯಾಯಾಮಗಳಲ್ಲಿ ಬಾಕ್ಸಿಂಗ್ ಅಭ್ಯಾಸವೂ ಒಂದು. ಆದರೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುತ್ತೇನೆ ಎಂದು ಹೊರಟವರು ಒಂದೇ ವಾರದಲ್ಲಿ ವೈದ್ಯರ ಮುಂದೆ ಕೂರಬೇಕಾಗುತ್ತದೆ. ಕೆಲವರ ಪಾಲಿಗೆ ಅದು ಪ್ರಾಣಕ್ಕೂ ಕುತ್ತು. ಹೀಗೇಕೆ ಎಂಬುದನ್ನು ಅರ್ಥಮಾಡಿಕೊಂಡರೆ ಮರಳುವ ದಾರಿಯೂ ಸ್ಪಷ್ಟವಾಗುತ್ತದೆ.

ಅಭ್ಯಾಸ ಬಿಟ್ಟಾಗ ಆಗುವುದೇನು?

ನಿತ್ಯ ವ್ಯಾಯಾಮ ಮಾಡುವವರ ದೇಹದಲ್ಲಿ ರಕ್ತದ ದ್ರವಾಂಶ ಹೆಚ್ಚಿರುತ್ತದೆ. ಹೃದಯ ಪ್ರತಿ ಮಿಡಿತಕ್ಕೂ ಹೆಚ್ಚು ರಕ್ತವನ್ನು ಹೊರತಳ್ಳುತ್ತದೆ. ಅಭ್ಯಾಸ ನಿಂತ ಕೆಲವೇ ದಿನಗಳಲ್ಲಿ ಈ ದ್ರವಾಂಶ ಇಳಿಯತೊಡಗುತ್ತದೆ. ಮುಂದಿನ ಕೆಲವು ವಾರಗಳಲ್ಲಿ, ಸ್ನಾಯುಗಳೊಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಸಾಮರ್ಥ್ಯವೂ ಕುಗ್ಗುತ್ತದೆ. ಹೀಗಾಗಿ ಮೊದಲು ಹೋಗುವುದು ದಮ್ಮು. ಸ್ನಾಯುಗಳ ಬಲ ಇನ್ನಷ್ಟು ಕಾಲ ಉಳಿದಿದ್ದು ನಿಧಾನವಾಗಿ ಕರಗುತ್ತದೆ. ಇದರ ಜೊತೆಗೆ, ಮೂವತ್ತು ದಾಟಿದ ಮೇಲೆ ಸುಮ್ಮನಿದ್ದರೆ ಪ್ರತಿ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಮಾಂಸಖಂಡ ಕಡಿಮೆಯಾಗುತ್ತದೆ ಎಂಬ ಅಂದಾಜಿದೆ.

ಈ ವಿಷಯದಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. 1966ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಲಾಯಿತು. ಅಷ್ಟರಲ್ಲೇ ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಪರೀಕ್ಷಿಸಿದರು. ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರಗಳ ಮಲಗುವಿಕೆ ಮಾಡಿದ ಹಾನಿಯೇ ದೊಡ್ಡದಾಗಿತ್ತು!

ನಮಗೆ ಮುಖ್ಯವಾದ ಸಂಗತಿ ಮುಂದಿನದು. ಐವತ್ತರ ಆ ಗೃಹಸ್ಥರಿಗೆ ಆರು ತಿಂಗಳ ಕಾಲ ನಡಿಗೆ, ನಿಧಾನ ಓಟ, ಸೈಕಲ್ ತುಳಿತಗಳನ್ನು ಹಂತಹಂತವಾಗಿ ಹೆಚ್ಚಿಸುತ್ತ ಅಭ್ಯಾಸ ಮಾಡಿಸಿದಾಗ, ಅವರ ಸಾಮರ್ಥ್ಯ ಇಪ್ಪತ್ತನೆಯ ವಯಸ್ಸಿನಲ್ಲಿ ಅಧ್ಯಯನದ ಆರಂಭಕ್ಕೆ ಇದ್ದ ಮಟ್ಟಕ್ಕೆ ಮರಳಿತು. ಆದರೆ ಅಂದು ಕಠಿಣ ತರಬೇತಿಯ ನಂತರ ಮುಟ್ಟಿದ್ದ ಉತ್ತುಂಗವನ್ನು ಯಾರೂ ಮುಟ್ಟಲಿಲ್ಲ. ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಬರುತ್ತದೆ, ಅದಕ್ಕೆ ತಿಂಗಳುಗಳು ಬೇಕು, ಹರೆಯದ ಶಿಖರ ಮಾತ್ರ ಸಿಗಲಾರದು. ಮರಳುವವರು ಇಟ್ಟುಕೊಳ್ಳಬೇಕಾದ ಲೆಕ್ಕ ಇಷ್ಟೇ.

ಕೈಗೆ ನೆನಪಿದೆ, ಭುಜಕ್ಕಿಲ್ಲ

ಈಜು, ಸೈಕಲ್ ಸವಾರಿಗಳಂತೆ ಬಾಕ್ಸಿಂಗ್ ಕೂಡ ಕಲಿತರೆ ಮರೆಯುವ ವಿದ್ಯೆಯಲ್ಲ. ಎಡಗೈ ಚಾಚಿ ಹೊಡೆಯುವುದು, ಸೊಂಟ ತಿರುಗಿಸಿ ಬಲಗೈ ಬಿಡುವುದು, ಹೆಜ್ಜೆ ಸರಿಸುವುದು, ಇವೆಲ್ಲ ಮೆದುಳಿನಲ್ಲಿ ಅಚ್ಚೊತ್ತಿರುತ್ತವೆ. ವರ್ಷಗಳ ನಂತರ ಬ್ಯಾಗಿನ ಮುಂದೆ ನಿಂತರೂ ಎರಡು ಮೂರು ದಿನಗಳಲ್ಲೇ ಏಟುಗಳು ಸರಾಗವಾಗಿ ಬೀಳತೊಡಗುತ್ತವೆ. ಒಮ್ಮೆ ಪಳಗಿದ ಸ್ನಾಯುಗಳೂ ಹೊಸಬರ ಸ್ನಾಯುಗಳಿಗಿಂತ ಬೇಗ ಬಲ ಪಡೆಯುತ್ತವೆ.

ಅಪಾಯ ಇರುವುದೇ ಇಲ್ಲಿ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಸ್ನಾಯು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡರೆ ರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ಹೊಸದಾಗಿ ಕಲಿಯುವವನಿಗೆ ಜೋರಾಗಿ ಹೊಡೆಯಲು ಬರುವುದೇ ಇಲ್ಲ. ಆದ್ದರಿಂದ ಅವನ ಭುಜ ಉಳಿಯುತ್ತದೆ. ಹಳೆಯ ಪಟುವಿಗೆ ಜೋರಾಗಿ ಹೊಡೆಯುವ ವಿದ್ಯೆ ಗೊತ್ತು, ಅದನ್ನು ತಾಳಿಕೊಳ್ಳುವ ಭುಜ ಇನ್ನೂ ಸಿದ್ಧವಾಗಿರುವುದಿಲ್ಲ. ಭುಜದ ರಜ್ಜುಗಳ ಉರಿಯೂತ, ಮೊಣಕೈ ನೋವು, ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಹರಿಯುವುದು, ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದು, ಇವು ಮರಳಿ ಬಂದವರಲ್ಲಿ ಕಾಣುವ ಸಾಮಾನ್ಯ ತೊಂದರೆಗಳು.

ಇದಕ್ಕಿಂತ ಗಂಭೀರವಾದದ್ದೂ ಒಂದಿದೆ. ನಲವತ್ತೊಂದು ವರ್ಷದ ಬ್ಯಾಂಕ್ ಉದ್ಯೋಗಿಯೊಬ್ಬರು ಹದಿನೇಳು ವರ್ಷಗಳ ನಂತರ ತರಬೇತಿ ಕೇಂದ್ರಕ್ಕೆ ಹೋಗಿ, ಮೊದಲ ದಿನವೇ ಎರಡು ಗಂಟೆ ಬ್ಯಾಗ್ ಹೊಡೆದು, ಹಳೆಯ ಲೆಕ್ಕದಲ್ಲಿ ನೂರಾರು ದಂಡ, ಬಸ್ಕಿ ತೆಗೆದರು. ಮೂರನೆಯ ದಿನ ತಲೆ ಬಾಚಲು ಕೈ ಎತ್ತಲಾಗದ ಸ್ಥಿತಿಯಲ್ಲಿ ನನ್ನಲ್ಲಿಗೆ ಬಂದರು. ಮೈಕೈ ನೋವಿಗೆ ಒಂದು ಇಂಜೆಕ್ಷನ್ ಸಾಕೆಂದು ಅವರ ನಂಬಿಕೆ. ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿದಾಗ, “ಹಾಲು ಹಾಕದ ಟೀ ತರಹ” ಎಂದರು. ಮಿತಿಮೀರಿದ ಶ್ರಮದಿಂದ ಸ್ನಾಯುವಿನ ಜೀವಕೋಶಗಳು ಒಡೆದು, ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸುರಿದು ಮೂತ್ರಪಿಂಡಗಳನ್ನು ಕಟ್ಟಿಸುವ ಸ್ಥಿತಿ ಇದು. ಅಂದೇ ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿದ್ದರಿಂದ ಕೆಲವು ದಿನಗಳಲ್ಲಿ ಗುಣವಾದರು. ನೋವಿನ ಮಾತ್ರೆ ನುಂಗಿ ಮನೆಯಲ್ಲೇ ಉಳಿದಿದ್ದರೆ ಡಯಾಲಿಸಿಸ್‌ವರೆಗೂ ಹೋಗುವ ಸಾಧ್ಯತೆ ಇತ್ತು. ಮೈಕೈ ನೋವು ಸಹಜ. ಕಡುಬಣ್ಣದ ಮೂತ್ರ ಸಹಜವಲ್ಲ. ಇದನ್ನು ಮರೆಯಬಾರದು.

ಮರಳಿ ಬಂದ ದಿಗ್ಗಜರು

ಮರಳಿ ಬಂದು ಗೆದ್ದವರ ಕಥೆ ಎಂದರೆ ಜಾರ್ಜ್ ಫೋರ್‌ಮನ್ ಅವರದು. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಧರ್ಮಬೋಧಕರಾದ ಅವರು ಹತ್ತು ವರ್ಷಗಳ ನಂತರ, 1987ರಲ್ಲಿ, ಮತ್ತೆ ಕಣಕ್ಕಿಳಿದರು. ಆಗ ಅವರ ತೂಕ ಸುಮಾರು 120 ಕಿಲೋ. 1994ರ ನವೆಂಬರ್‌ನಲ್ಲಿ, 45ನೆಯ ವಯಸ್ಸಿನಲ್ಲಿ, 26 ವರ್ಷದ ಮೈಕೆಲ್ ಮೂರರ್ ಅವರನ್ನು ಮಣಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಈ ಕಥೆ ಹೇಳುವವರು ನಡುವಿನ ಏಳು ವರ್ಷಗಳನ್ನು ಬಿಟ್ಟುಬಿಡುತ್ತಾರೆ. ಫೋರ್‌ಮನ್ ಮೊದಮೊದಲು ಅಷ್ಟೇನೂ ಹೆಸರಿಲ್ಲದ ಎದುರಾಳಿಗಳೊಂದಿಗೆ ಆಡುತ್ತ, ಮೆಲ್ಲಮೆಲ್ಲಗೆ ಮೇಲೇರಿದರು.

ಇನ್ನೊಂದು ಕಥೆ ಮಹಮದ್ ಅಲಿ ಅವರದು. 1979ರಲ್ಲಿ ನಿವೃತ್ತಿ ಘೋಷಿಸಿದ ಅವರು 1980ರ ಅಕ್ಟೋಬರ್‌ನಲ್ಲಿ, 38ನೆಯ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ವಿರುದ್ಧ ಕಣಕ್ಕೆ ಬಂದರು. ತೂಕ ಇಳಿಸಿದ್ದರು, ಹೊಟ್ಟೆ ಕರಗಿತ್ತು, ನೋಡಲು ಹಳೆಯ ಅಲಿಯಂತೆಯೇ ಕಾಣುತ್ತಿದ್ದರು. ಆದರೆ ಕಣದಲ್ಲಿ ಅವರಿಗೆ ಕೈ ಎತ್ತುವುದೂ ಕಷ್ಟವಾಯಿತು. ಹತ್ತು ಸುತ್ತುಗಳ ನಂತರ ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಅದಕ್ಕೆ ಮುನ್ನ ಅವರು ಥೈರಾಯ್ಡ್ ಹಾರ್ಮೋನಿನ ಮಾತ್ರೆಗಳನ್ನು ಸೇವಿಸಿದ್ದರೆಂಬುದು ನಂತರ ಬೆಳಕಿಗೆ ಬಂತು. ಈ ಮಾತ್ರೆ ಅಗತ್ಯ ಮೀರಿದರೆ ತೂಕದ ಜೊತೆಗೆ ಸ್ನಾಯುಬಲವನ್ನೂ ಇಳಿಸುತ್ತದೆ, ಎದೆಬಡಿತ ಏರಿಸುತ್ತದೆ, ಸೆಖೆ ತಾಳದಂತೆ ಮಾಡುತ್ತದೆ. ತೆಳ್ಳಗಾದವರೆಲ್ಲ ಸಜ್ಜಾದವರಲ್ಲ. ತೂಕ ಇಳಿಸಲು ಮಾತ್ರೆ ನುಂಗುವವರು, ಪ್ಲಾಸ್ಟಿಕ್ ಕೋಟು ತೊಟ್ಟು ಬೆವರು ಹರಿಸುವವರು ಇದನ್ನು ಗಮನಿಸಬೇಕು.

ನಮ್ಮ ದೇಶದ ಮೇರಿ ಕೋಮ್ 2007ರಲ್ಲಿ ಅವಳಿ ಮಕ್ಕಳ ತಾಯಿಯಾಗಿ, 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. 2013ರಲ್ಲಿ ಮೂರನೆಯ ಮಗುವಾದ ಮೇಲೆ 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2018ರಲ್ಲಿ ಆರನೆಯ ವಿಶ್ವ ಪ್ರಶಸ್ತಿ ಗೆದ್ದರು. ಹೆರಿಗೆಯ ನಂತರ ಮರಳಬಯಸುವ ತಾಯಂದಿರಿಗೆ ಇದು ಧೈರ್ಯ ಕೊಡುವ ಸಂಗತಿ. ಆದರೆ ಸಹಜ ಹೆರಿಗೆಯಾದರೂ ಆರು ವಾರ ಕಳೆದು, ಹೆರಿಗೆ ತಜ್ಞರಿಗೆ ತೋರಿಸಿಯೇ ಮುಂದುವರಿಯಬೇಕು. ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು ಕಾಲ ಬೇಕು. ನೆಗೆದಾಗ ಮೂತ್ರ ಸೋರಿದರೆ ಸಂಕೋಚಪಡದೆ ಹೇಳಿಕೊಳ್ಳಿ. ಅದಕ್ಕೆ ಪರಿಹಾರ ನೀಡುವ ವ್ಯಾಯಾಮಗಳಿವೆ.

ಮೊದಲು ತಪಾಸಣೆ

ಭಾರತೀಯರಲ್ಲಿ ಹೃದಯಾಘಾತ ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಹರೆಯದಲ್ಲಿ ಆಟಗಾರನಾಗಿದ್ದೆ ಎಂಬುದು ನಲವತ್ತರ ನಂತರದ ರಕ್ಷಾಕವಚವಲ್ಲ. ಗರಡಿ ಬಿಟ್ಟ ಪೈಲ್ವಾನರು ಊಟವನ್ನು ಮಾತ್ರ ಹಾಗೆಯೇ ಉಳಿಸಿಕೊಂಡು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತುತ್ತಾಗುವುದನ್ನು ನಮ್ಮ ಊರುಗಳಲ್ಲೇ ನೋಡುತ್ತೇವೆ.

ನಲವತ್ತು ದಾಟಿದವರು, ಧೂಮಪಾನಿಗಳು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿರುವವರು ಮೊದಲು ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟೆರಾಲ್ ಪರೀಕ್ಷಿಸಿಕೊಂಡು ಒಂದು ಇ.ಸಿ.ಜಿ. ತೆಗೆಸಬೇಕು. ಮೆಟ್ಟಿಲು ಹತ್ತಿದಾಗ ಎದೆ ಬಿಗಿಯುವುದು, ವಿಪರೀತ ಏದುಸಿರು, ತಲೆಸುತ್ತು ಇದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಅಥವಾ ಎಕೋ ಬೇಕಾಗಬಹುದು. ರಕ್ತದೊತ್ತಡ 180/110 ದಾಟಿದ್ದರೆ ಮೊದಲು ಅದನ್ನು ಹತೋಟಿಗೆ ತಂದು ನಂತರವೇ ವ್ಯಾಯಾಮದ ಮಾತು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಭ್ಯಾಸದ ನಡುವೆ ಅಥವಾ ನಂತರ ಸಕ್ಕರೆ ದಿಢೀರನೆ ಇಳಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುವುದರಿಂದ, ಅವನ್ನು ಸೇವಿಸುವವರು ನಾಡಿ ಎಣಿಸಿ ಶ್ರಮವನ್ನು ಅಳೆಯಲಾಗದು.

ಹನ್ನೆರಡು ವಾರಗಳ ಹಾದಿ

ಬಿಡುವು ಒಂದು ವರ್ಷ ದಾಟಿದ್ದರೆ ನೀವು ಹೊಸಬರು ಎಂದೇ ತಿಳಿದು ಆರಂಭಿಸಿ. ಈ ಕೆಳಗಿನದು ಆರೋಗ್ಯವಂತರಿಗೆ ಒಂದು ಮಾದರಿ.

ಮೊದಲ ಮೂರು ವಾರ: ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ. ದಿನ ಬಿಟ್ಟು ದಿನ, ಗಾಳಿಯಲ್ಲಿ ಏಟು ಹಾಕುವ ಶ್ಯಾಡೋ ಬಾಕ್ಸಿಂಗ್, ಅರ್ಧ ವೇಗದಲ್ಲಿ, ಎರಡು ನಿಮಿಷದ ಮೂರು ಸುತ್ತು. ಐದಾರು ದಂಡ, ಹತ್ತು ಬಸ್ಕಿ, ಎರಡು ಸರದಿ ಸಾಕು. ಬ್ಯಾಗಿನ ಹತ್ತಿರ ಹೋಗಬೇಡಿ.

ನಾಲ್ಕರಿಂದ ಆರನೆಯ ವಾರ: ನಡಿಗೆಯ ನಡುನಡುವೆ ನಿಧಾನ ಓಟ. ಸ್ಕಿಪ್ಪಿಂಗ್ ಅರ್ಧ ನಿಮಿಷದಂತೆ ನಾಲ್ಕೈದು ಬಾರಿ. ಸಿಮೆಂಟ್ ನೆಲದಲ್ಲಿ ಬರಿಗಾಲಿನಲ್ಲಿ ಬೇಡ, ಮಣ್ಣಿನ ನೆಲ ಅಥವಾ ರಬ್ಬರ್ ಹಾಸು ಇರಲಿ. ಕೈಗೆ ಬಟ್ಟೆಪಟ್ಟಿ ಸುತ್ತಿ, ಗ್ಲೌಸ್ ತೊಟ್ಟು, ಬ್ಯಾಗಿಗೆ ಅರ್ಧ ಬಲದ ಏಟು, ಎರಡು ನಿಮಿಷದ ಎರಡು ಮೂರು ಸುತ್ತು.

ಏಳರಿಂದ ಒಂಬತ್ತನೆಯ ವಾರ: ಬ್ಯಾಗಿನ ಸುತ್ತುಗಳನ್ನು ನಾಲ್ಕಕ್ಕೆ ಏರಿಸಬಹುದು. ಕೋಚ್ ಹಿಡಿದ ಪ್ಯಾಡಿಗೆ ಹೊಡೆಯುವ ಅಭ್ಯಾಸ ಸೇರಿಸಬಹುದು.

ಹತ್ತರಿಂದ ಹನ್ನೆರಡನೆಯ ವಾರ: ಪಂದ್ಯದ ಲೆಕ್ಕದಂತೆ ಮೂರು ನಿಮಿಷದ ಸುತ್ತು, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ನಾಲ್ಕು ಸುತ್ತು.

ಒಂದು ನಿಯಮ ಮಾತ್ರ ಮುರಿಯಬೇಡಿ. ಸಮಯ, ಬಲ, ದಿನಗಳ ಸಂಖ್ಯೆ, ಈ ಮೂರರಲ್ಲಿ ವಾರಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ನೋವು ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಹಿಂದಿನ ವಾರದ ಪಾಠವನ್ನೇ ಮತ್ತೊಮ್ಮೆ ಮಾಡಿ. ಸ್ನಾಯು ನೋವು ಎರಡೂ ಕಡೆ, ಹರಡಿದಂತೆ ಇರುತ್ತದೆ; ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಊತ, ರಾತ್ರಿ ಎಚ್ಚರಿಸುವ ಭುಜದ ನೋವು ಬೇರೆಯೇ. ಅದನ್ನು ತೋರಿಸಿಕೊಳ್ಳಬೇಕು.

ಶ್ರಮದ ಅಳತೆಗೆ ಸುಲಭ ದಾರಿ ಮಾತು. ಅಭ್ಯಾಸದ ನಡುವೆ ಒಂದು ವಾಕ್ಯ ಪೂರ್ತಿ ಹೇಳಲು ಬರಬೇಕು, ಹಾಡು ಹೇಳಲು ಬರಬಾರದು. ಆರಂಭದ ವಾರಗಳಿಗೆ ಅಷ್ಟು ಸರಿ. ನಾಡಿ ಎಣಿಸುವುದಾದರೆ 220ರಿಂದ ನಿಮ್ಮ ವಯಸ್ಸನ್ನು ಕಳೆದು ಬಂದದ್ದರ ಶೇಕಡ 60ರಿಂದ 70ರೊಳಗೆ ಇರಲಿ. 42 ವರ್ಷದವರಿಗೆ ಇದು ನಿಮಿಷಕ್ಕೆ ಸುಮಾರು 107ರಿಂದ 125. ಆರಂಭಕ್ಕೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮುಗಿಸುವಾಗ ಥಟ್ಟನೆ ನಿಲ್ಲದೆ ಐದು ನಿಮಿಷ ನಡೆದಾಡಿ. ಇಲ್ಲವಾದರೆ ರಕ್ತ ಕಾಲುಗಳಲ್ಲೇ ನಿಂತು ತಲೆಸುತ್ತು ಬರಬಹುದು. ಜ್ವರ ಇದ್ದಾಗ ಅಭ್ಯಾಸ ಖಂಡಿತ ಬೇಡ. ಕೆಲವು ವೈರಸ್ ಸೋಂಕುಗಳು ಹೃದಯದ ಸ್ನಾಯುವನ್ನೂ ತಟ್ಟುತ್ತವೆ.

ತಲೆಗೆ ಪೆಟ್ಟು ಬೇಡ

ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಎದುರಾಳಿ ಹೊಡೆಯುತ್ತಾನೆ. ಬಾಕ್ಸಿಂಗ್ ಪಟುಗಳ ಮೆದುಳಿಗೆ ಪದೇ ಪದೇ ಬೀಳುವ ಪೆಟ್ಟುಗಳಿಂದ ಮುಂದೆ ತೊದಲು, ನಡುಕ, ಮರೆವು ಬರುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲೇ ವಿವರಿಸಿದ್ದರು. ವಿಶ್ವ ವೈದ್ಯಕೀಯ ಸಂಘ 1983ರಲ್ಲಿ ಈ ಕ್ರೀಡೆಯನ್ನೇ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಹೆಡ್‌ಗಾರ್ಡ್ ಧರಿಸಿದರೆ ಹುಬ್ಬು, ಕಿವಿಗಳ ಗಾಯ ತಪ್ಪುತ್ತದೆ. ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ಅದು ತಡೆಯಲಾರದು.

ಆರೋಗ್ಯಕ್ಕಾಗಿ ಮರಳುವವರು ಎದುರಾಳಿಯೊಡನೆ ಹೊಡೆದಾಡುವ ಸ್ಪಾರಿಂಗ್ ಬಿಟ್ಟು ಉಳಿದೆಲ್ಲವನ್ನೂ ಮಾಡಬಹುದು ಎಂಬುದು ನನ್ನ ಸಲಹೆ. ಬಾಕ್ಸಿಂಗ್‌ನ ಲಾಭವೆಲ್ಲ ಆ ಉಳಿದದ್ದರಲ್ಲೇ ಇದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಹೆಚ್ಚು ಪವರಿನ ಮೈನಸ್ ಕನ್ನಡಕ ಇರುವವರು, ಅಕ್ಷಿಪಟಲದ ತೊಂದರೆ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಫಿಟ್ಸ್ ಇರುವವರು, ಹಿಂದೆ ತಲೆಗೆ ಬಲವಾದ ಪೆಟ್ಟು ಬಿದ್ದವರು ಸ್ಪಾರಿಂಗ್‌ಗೆ ಇಳಿಯಲೇಬಾರದು. ಆಕಸ್ಮಿಕವಾಗಿ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಕು, ಮರೆವು ಕಂಡರೆ ಅಂದೇ ಅಭ್ಯಾಸ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಮೊದಲ ಪೆಟ್ಟು ಪೂರ್ತಿ ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಮಾರಕವಾಗಬಲ್ಲದು.

ಊಟ, ನೀರು, ಶುಚಿತ್ವ

ಡಬ್ಬಿಯ ಪ್ರೋಟೀನ್ ಪುಡಿ ಅನಿವಾರ್ಯವಲ್ಲ. ಅಭ್ಯಾಸ ಮಾಡುವ, 65 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ 75ರಿಂದ 80 ಗ್ರಾಂ ಪ್ರೋಟೀನ್ ಸಾಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ, 100 ಗ್ರಾಂ ಒಣ ಬೇಳೆಯಲ್ಲಿ 22 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಮುದ್ದೆಯ ಜೊತೆ ಗಟ್ಟಿಯಾದ ಕಾಳಿನ ಸಾರು, ಮೊಳಕೆಕಾಳಿನ ಉಸಲಿ, ಮೊಸರು ಇದ್ದರೆ ಲೆಕ್ಕ ಬಹುತೇಕ ಸರಿಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಬಾಯಾರುವ ಮುನ್ನವೇ ನೀರು ಕುಡಿಯಿರಿ. ಬೆವರು ಹೆಚ್ಚು ಸುರಿದ ದಿನ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು, ರಕ್ತದೊತ್ತಡ ಇರುವವರು ಉಪ್ಪಿನಲ್ಲಿ ಮಿತಿ ಇಡಬೇಕು. ಬೆವರಿ ಬಸವಳಿದ ದೇಹಕ್ಕೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಪದೇ ಪದೇ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಅಭ್ಯಾಸಕ್ಕೆ ಮುನ್ನ ನೋವಿನ ಮಾತ್ರೆ ತೆಗೆದುಕೊಳ್ಳುವುದಂತೂ ದೇಹ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚಿಸಿದಂತೆ. ಹಲವರು ಬಳಸಿದ ಒದ್ದೆ ಗ್ಲೌಸ್‌ನಿಂದ ಹುಳುಕಡ್ಡಿ ಹರಡುತ್ತದೆ. ಗ್ಲೌಸ್, ಕೈಪಟ್ಟಿ, ಹಲ್ಲಿಗೆ ಹಾಕುವ ಗಮ್‌ಶೀಲ್ಡ್ ನಿಮ್ಮದೇ ಇರಲಿ. ಪಟ್ಟಿಯನ್ನು ದಿನವೂ ಒಗೆಯಿರಿ, ಗ್ಲೌಸನ್ನು ಗಾಳಿಗೆ ಒಣಗಿಸಿ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಬಿಗಿತ ಅಥವಾ ಭಾರ, ದವಡೆಗೆ, ಎಡತೋಳಿಗೆ ಹರಿಯುವ ನೋವು, ಶ್ರಮಕ್ಕೆ ಮೀರಿದ ಏದುಸಿರು, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬರುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು, ದೃಷ್ಟಿಯಲ್ಲಿ ಮಿಂಚು ಅಥವಾ ತೆರೆ ಬಿದ್ದಂತಾಗುವುದು, ಕಡುಬಣ್ಣದ ಮೂತ್ರ. ಇವುಗಳಲ್ಲಿ ಯಾವುದೇ ಒಂದು ಕಂಡರೂ ‘ಸುತ್ತು ಮುಗಿಯಲಿ’ ಎಂದು ಕಾಯಬೇಡಿ. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಮನೆಗೆ ಹೋಗಿ ಮಲಗುವವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ಎದೆನೋವು ಬಂದಾಗ ತಾವೇ ಸ್ಕೂಟರ್ ಓಡಿಸಿಕೊಂಡು ಹೋಗದೆ 108ಕ್ಕೆ ಕರೆ ಮಾಡಬೇಕು, ಅಥವಾ ಜೊತೆಗಾರರ ನೆರವಿನಿಂದ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆ ತಲುಪಬೇಕು.

ಮರಳಿ ಬರುವವರಿಗೆ ಎಲ್ಲಕ್ಕಿಂತ ಕಷ್ಟವೆನಿಸುವುದು ಪಕ್ಕದಲ್ಲಿ ಇಪ್ಪತ್ತರ ಹುಡುಗರು ಬಿರುಸಿನಿಂದ ಬ್ಯಾಗ್ ಹೊಡೆಯುತ್ತಿರುವಾಗ ತಾವು ನಿಧಾನವಾಗಿ ಹೊಡೆಯುವುದು. ಅಂಥ ಹೊತ್ತಿನಲ್ಲಿ ಹೋಲಿಕೆ ಅವರೊಂದಿಗೆ ಬೇಡ, ಇಪ್ಪತ್ತು ವರ್ಷ ಹಿಂದಿನ ನಿಮ್ಮೊಂದಿಗೂ ಬೇಡ. ಒಂದು ಪುಸ್ತಕದಲ್ಲಿ ದಿನಾಂಕ, ಸುತ್ತುಗಳ ಸಂಖ್ಯೆ, ಬೆಳಿಗ್ಗೆ ಎದ್ದಾಗಿನ ನಾಡಿಬಡಿತ ಬರೆದಿಡಿ. ವಾರಗಳು ಕಳೆದಂತೆ ಬೆಳಗಿನ ನಾಡಿಬಡಿತ ಮೆಲ್ಲಗೆ ಇಳಿಯುತ್ತ ಬಂದರೆ ನಿಮ್ಮ ಹೃದಯ ಬಲಗೊಳ್ಳುತ್ತಿದೆ ಎಂದು ಅರ್ಥ. ಒಂದು ಬೆಳಿಗ್ಗೆ ಅದು ಎಂದಿಗಿಂತ ಹತ್ತು ಹೆಚ್ಚಿದ್ದರೆ ಅಂದು ಬಿಡುವು ಕೊಡಿ. ಮೂರು ತಿಂಗಳಾದ ಮೇಲೆ ರಕ್ತದೊತ್ತಡ, ಸಕ್ಕರೆಯನ್ನು ಮತ್ತೊಮ್ಮೆ ಪರೀಕ್ಷಿಸಿಕೊಂಡು, ಆ ಪುಸ್ತಕದೊಂದಿಗೆ ನಿಮ್ಮ ವೈದ್ಯರನ್ನು ಕಾಣಿ. ಮಾತ್ರೆ ಸೇವಿಸುತ್ತಿರುವವರು ಅದನ್ನು ತಾವಾಗಿ ಕಡಿಮೆ ಮಾಡದೆ, ಆ ತೀರ್ಮಾನವನ್ನು ವೈದ್ಯರಿಗೇ ಬಿಡುವುದು ಒಳ್ಳೆಯದು.